ಕುಂಟುವುದೋ, ಎಳೆಯುವುದೋ, ತೂರಾಡುವುದೋ: ನಡಿಗೆಯ ಕಷ್ಟವನ್ನು ಸರಿಯಾಗಿ ಹೇಳುವ ಬಗೆ

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅತ್ತೆಯನ್ನು ಮಂಗಳೂರಿಗೆ ಕರಕೊಂಡು ಹೋಗಿದ್ದೆ. ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಕುಂಬಳೆ, ಅಲ್ಲಿಂದ ಗಡಿಯ ತಲಪಾಡಿ ದಾಟಿ ಆಸ್ಪತ್ರೆ ಮುಟ್ಟುವಾಗ ಹನ್ನೊಂದೂವರೆ. ಡಾಕ್ಟರ ಎದುರು ಸಿಕ್ಕಿದ್ದು ನಾಲ್ಕು ನಿಮಿಷ. “ಏನು ತೊಂದರೆ?” “ಒಂದು ತಿಂಗಳಿಂದ ಕುಂಟುತ್ತಾರೆ ಡಾಕ್ಟ್ರೆ.” ನಾನು ಹೇಳಿದ್ದು ಅಷ್ಟೇ. ಮೊಣಕಾಲಿನ ಎಕ್ಸ್‌ರೇ ತೆಗೆಸಿದರು. 78ರ ಪ್ರಾಯದ ಮೊಣಕಾಲಲ್ಲಿ ಸವೆತ ಕಾಣದಿರುತ್ತದೆಯೇ, ಕಂಡಿತು. ಹಚ್ಚಲು ಮುಲಾಮು, ನುಂಗಲು ಮಾತ್ರೆ ಹಿಡಿದುಕೊಂಡು ಮನೆಗೆ ಬಂದೆವು. ಮೂರು ವಾರ ಕಳೆದು ಅತ್ತೆ ದೇವರ ಕೋಣೆಯ ಹೊಸ್ತಿಲಲ್ಲಿ ಮುಂದಕ್ಕೆ ಬಿದ್ದರು. ಎರಡನೆಯ ಡಾಕ್ಟರು ಹೆಚ್ಚೇನೂ ಕೇಳಲಿಲ್ಲ. ಬಾಗಿಲವರೆಗೆ ನಡೆದು ವಾಪಸು ಬರಲು ಹೇಳಿದರು, ನೋಡಿದರು, ನನ್ನತ್ತ ತಿರುಗಿ “ಇದು ಕುಂಟುವುದಲ್ಲ ಮಾರಾಯ್ರೆ” ಅಂದರು. ಅದು ಮೆದುಳಿನ ತೊಂದರೆಯಿಂದ ಬರುವ ಪಾರ್ಕಿನ್ಸನ್ ಕಾಯಿಲೆಯ ಶುರು.

ಮೊದಲಿನ ಡಾಕ್ಟರು ಸರಿಯಾಗಿ ನೋಡಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ಬೈದರು. ನನಗೆ ಬೈಯಲು ಬಾಯಿ ಬರಲಿಲ್ಲ. ಅವರು ನನ್ನ ಕ್ರಿಯಾಪದವನ್ನು ನಂಬಿದ್ದರು, ಅಷ್ಟೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವನು, ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಪದದ ಕೆಳಗೆ ಕೆಂಪು ಗೆರೆ ಎಳೆದವನು, ಬೇಕಾದ ಹೊತ್ತಿಗೆ ಬಾಯಿಗೆ ಬಂದ ಮೊದಲ ಮಾತನ್ನು ಆಡಿ ಬಂದಿದ್ದೆ. ಕನ್ನಡದಲ್ಲಿ ನಡಿಗೆಯ ಕಷ್ಟಕ್ಕೆ ಒಂದೊಂದು ಬಗೆಗೆ ಒಂದೊಂದು ಮಾತಿದೆ. ಆ ಮಾತಿನೊಳಗೇ ಕಾರಣವೂ ಅಡಗಿರುತ್ತದೆ: ನೋವೋ, ಬಲವಿಲ್ಲದ್ದೋ, ಸಮತೋಲ ತಪ್ಪಿದ್ದೋ, ದಾರಿಯದ್ದೇ ದೋಷವೋ ಎಂದು. ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರಿಗೆ, ಪತ್ರಿಕೆಗೆ ವರದಿ ಬರೆಯುವವರಿಗೆ, ಮಲಯಾಳದಿಂದ ಕನ್ನಡಕ್ಕೆ ತರುವವರಿಗೆ ಉಪಯೋಗವಾದೀತೆಂದು ನಾನು ತಡವಾಗಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಮೊದಲ ಹೆಜ್ಜೆ: ಹೆಸರಿಡುವ ಮುಂಚೆ ನೋಡಿ

ನೋಡುವುದಕ್ಕೆ ಒಂದು ಕ್ರಮವಿದೆ. ವೈದ್ಯರೂ ಇದನ್ನೇ ಮಾಡುತ್ತಾರೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. ನಮ್ಮ ಮನೆಗಳ ಜಗಲಿಯಲ್ಲಿ ಅಷ್ಟು ಜಾಗ ಧಾರಾಳ. ಇದಕ್ಕೆ 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಗಡಿಯಾರ ನೋಡುವುದಕ್ಕಿಂತ ಕಾಲು ನೋಡುವುದು ಮುಖ್ಯ. ಎದ್ದು ನಿಲ್ಲುವಾಗ ಕೈ ಊರಿದರೇ? ಮೊದಲ ಹೆಜ್ಜೆ ಸಲೀಸಾಗಿ ಬಂತೇ, ಅಂಟಿಕೊಂಡಿತೇ? ಪಾದ ನೆಲ ಬಿಟ್ಟು ಏಳುತ್ತದೆಯೇ? ಎರಡು ಕಾಲಿಗೂ ಒಂದೇ ತೊಂದರೆಯೇ? ಕೈ ಬೀಸುತ್ತದೆಯೇ? ತಿರುಗಲು ಎಷ್ಟು ಹೆಜ್ಜೆ ಬೇಕಾಯಿತು?

ಕಣ್ಣು ಮುಚ್ಚಿ ಕೇಳಿಯೂ ನೋಡಿ. ಚಪ್ಪಲಿಯ ಸದ್ದು ಸುಳ್ಳು ಹೇಳುವುದಿಲ್ಲ. ಎರಡೂ ಕಾಲಲ್ಲಿ ‘ಸರ್ರ್ ಸರ್ರ್’ ಎಂದು ಒಂದೇ ಸಮ ಬರುವುದು ಬೇರೆ, ‘ಟಪ್... ಸರ್ರ್’ ಎಂದು ಒಂದು ಕಾಲಿಗೆ ಮಾತ್ರ ಬರುವುದು ಬೇರೆ. ಹೆಬ್ಬೆರಳ ಕಡೆ ಮೇಲೇಳದೆ ಪಾದ ನೆಲಕ್ಕೆ ‘ಪಟ್’ ಎಂದು ಬಡಿಯುವುದು ಇನ್ನೊಂದು. ಅಂಥವರು ಪಾದ ತಾಗದಿರಲೆಂದು ಮೊಣಕಾಲನ್ನು ಬೇಕಿದ್ದಕ್ಕಿಂತ ಎತ್ತರ ಎತ್ತಿ ನಡೆಯುತ್ತಾರೆ, ನೀರಿರುವ ಗದ್ದೆಯಲ್ಲಿ ನಡೆದ ಹಾಗೆ.

ಒಂದು ಎಚ್ಚರಿಕೆ. “ನಡೆಯಿ, ನೋಡುತ್ತೇನೆ” ಎಂದು ಹೇಳಿದಿರೋ, ಕೆಟ್ಟಿತು. ನೋಡುವವರಿದ್ದರೆ ಎಲ್ಲರೂ ಚೆನ್ನಾಗಿಯೇ ನಡೆಯುತ್ತಾರೆ. ಡಾಕ್ಟರ ಕೋಣೆಯೊಳಗೆ ನಮ್ಮ ಅಜ್ಜ ಇಪ್ಪತ್ತರ ಹುಡುಗನಂತೆ ನಡೆದು ತೋರಿಸಿ, ಹೊರಗೆ ಬಂದು ಬೆಂಚಿಗೆ ಕುಸಿಯುತ್ತಿದ್ದರು. ಹಟ್ಟಿಗೆ ಹೋಗುವಾಗ, ಬಾವಿಕಟ್ಟೆಯಿಂದ ಬರುವಾಗ ಮೊಬೈಲಿನಲ್ಲಿ ಅರ್ಧ ನಿಮಿಷ ಹಿಡಿದಿಡಿ. ಅವರಿಗೆ ಆಮೇಲಾದರೂ ಹೇಳಿ, ಕದ್ದು ಹಿಡಿದದ್ದೆಂದು ಬೇಸರವಾಗದಿರಲಿ.

ಎರಡನೆಯ ಹೆಜ್ಜೆ: ಕಂಡದ್ದಕ್ಕೆ ಕ್ರಿಯಾಪದ ಹುಡುಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

‘ಕುಂಟು’ ಎಂಬುದು ಎರಡು ಕಾಲುಗಳ ನಡುವಿನ ಅಸಮಾನತೆ. ಒಂದು ಕಾಲು ಗಟ್ಟಿಯಾಗಿ ಊರುತ್ತದೆ, ಇನ್ನೊಂದು ನೆಲ ಮುಟ್ಟಿದ ಕೂಡಲೆ ಏಳುತ್ತದೆ. ಮಕ್ಕಳ ಕುಂಟಾಬಿಲ್ಲೆಯಲ್ಲಿ ಒಂದು ಕಾಲನ್ನು ಮಡಚಿಯೇ ಹಾರುವುದಲ್ಲವೇ, ಅದೇ ಕುಂಟು. ಮುಳ್ಳು ಹೆಟ್ಟಿದವರು, ಉಳುಕಿದವರು, ಒಂದು ಮೊಣಕಾಲು ಸವೆದವರು ಕುಂಟುತ್ತಾರೆ. ಹೆಚ್ಚಿನ ಸಲ ಕುಂಟುವುದರ ಹಿಂದೆ ನೋವಿರುತ್ತದೆ, ಆದ್ದರಿಂದ ‘ಕುಂಟುತ್ತಾರೆ’ ಎಂದು ಕೇಳಿದ ಡಾಕ್ಟರು ಕಾಲಿನ ಗಂಟು ಮುಟ್ಟಿ ನೋಡುವುದು ಸಹಜ. ನಾನು ಸಿಕ್ಕಿಬಿದ್ದದ್ದೂ ಇಲ್ಲೇ. ಎರಡೂ ಮೊಣಕಾಲು, ಎರಡೂ ಸೊಂಟದ ಕೀಲು ಕೆಟ್ಟವರು ಕುಂಟುವುದಿಲ್ಲ. ಆಚೆ ಈಚೆ ‘ವಾಲಾಡಿಕೊಂಡು’, ಬಾತುಕೋಳಿಯ ಹಾಗೆ ಬರುತ್ತಾರೆ. ನಡೆಯತೊಡಗಿ ನೂರು ಮಾರು ಆದ ಮೇಲೆ ಮೀನಖಂಡ ಹಿಡಿದು, ನಿಂತರೆ ಬಿಟ್ಟು, ಮತ್ತೆ ನಡೆದರೆ ಮತ್ತೆ ಹಿಡಿದರೆ ಅದನ್ನು ಹಾಗೆಯೇ ಹೇಳಬೇಕು: ‘ಇಷ್ಟು ದೂರ ಆದ ಮೇಲೆ ಕಾಲು ಹಿಡಿಯುತ್ತದೆ, ನಿಂತರೆ ಸರಿಯಾಗುತ್ತದೆ.’ ರಕ್ತದ ಓಟ ಕಡಿಮೆಯಾಗಿರಬಹುದು, ಬೆನ್ನಿನಲ್ಲಿ ನರ ಒತ್ತಿರಬಹುದು. ವೈದ್ಯರು ಇದಕ್ಕೆ ‘ಕ್ಲಾಡಿಕೇಷನ್’ ಅನ್ನುತ್ತಾರೆ. ಆ ದೊಡ್ಡ ಮಾತಿನ ಲ್ಯಾಟಿನ್ ಬೇರಿಗೂ ಕುಂಟುವುದು ಎಂದೇ ಅರ್ಥ.

‘ಎಳೆ’ ಎಂಬುದು ಬಲದ ಮಾತು. ಕಾಲನ್ನು ಎತ್ತಲಾಗದೆ ನೆಲದ ಮೇಲೆ ಜಾರಿಸಿಕೊಂಡು ಬರುವುದು. ಇಲ್ಲಿ ಒಂದು ಕಾಲೋ ಎರಡೋ ಎಂಬುದು ಬಹಳ ಮುಖ್ಯ. ‘ಬಲಗಾಲನ್ನು ಎಳೆದುಕೊಂಡು ಬರುತ್ತಾರೆ’ ಎಂದರೆ ಪಾರ್ಶ್ವವಾಯುವಿನ ಕಡೆಗೆ ಯೋಚನೆ ಹೋಗುತ್ತದೆ. ಹಾಗೆ ಎಳೆಯುವವರ ಕಾಲು ನೇರ ಬಾರದೆ ಹೊರಗಿನಿಂದ ಅರ್ಧಚಂದ್ರದ ಹಾಗೆ ಸುತ್ತಿ ಬರುವುದುಂಟು. ‘ಎರಡೂ ಪಾದ ಎತ್ತದೆ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಉಜ್ಜಿಕೊಂಡು ಬರುತ್ತಾರೆ, ಕೈ ಬೀಸುವುದಿಲ್ಲ, ಹೊಸ್ತಿಲ ಹತ್ತಿರ ಕಾಲು ಅಂಟಿದ ಹಾಗಾಗುತ್ತದೆ’ ಎಂದರೆ ಅದು ಅತ್ತೆಯ ನಡಿಗೆ. ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ನಿನ ವೈದ್ಯ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗ ಇಂಥ ನಡಿಗೆಯನ್ನೂ ಗುರುತಿಸಿದ್ದ. ಸ್ಕ್ಯಾನಿಂಗ್ ಇಲ್ಲದ ಕಾಲ, ಬೀದಿಯಲ್ಲಿ ನಡೆಯುವವರನ್ನೂ ನೋಡಿ ಬರೆದದ್ದು. ಕಣ್ಣಿದ್ದರೆ ಸಾಕಾಗುತ್ತಿತ್ತು.

‘ಕಾಲೆಳೆ’ ಎಂದು ಕೂಡಿಸಿ ಬರೆಯಬೇಡಿ. ಈಗ ಅದಕ್ಕೆ ಗೇಲಿ ಮಾಡುವುದು, ಇನ್ನೊಬ್ಬರನ್ನು ಕೆಳಗೆ ಜಗ್ಗುವುದು ಎಂಬ ಅರ್ಥವೇ ಗಟ್ಟಿಯಾಗಿದೆ. ‘ಅಜ್ಜ ಕಾಲೆಳೆಯುತ್ತಾರೆ’ ಎಂದರೆ ಅಜ್ಜ ಮೊಮ್ಮಕ್ಕಳನ್ನು ತಮಾಷೆ ಮಾಡುತ್ತಾರೆ ಎಂದಾದೀತು. ‘ಕಾಲು ಎಳೆದುಕೊಂಡು’ ಎಂದು ಬಿಡಿಸಿ ಬರೆದರೆ ಗೊಂದಲವಿಲ್ಲ. ಆ ‘ಕೊಂಡು’ ಸಣ್ಣದಾದರೂ ದೊಡ್ಡ ಕೆಲಸ ಮಾಡುತ್ತದೆ, ಎಳೆಯುವ ಕಾಲು ತನ್ನದೇ ಎಂದು ಹೇಳುತ್ತದೆ.

ಮೂರನೆಯ ಗುಂಪು ಸಮತೋಲದ್ದು. ‘ತೂರಾಡು’, ‘ಓಲಾಡು’, ‘ವಾಲು’, ‘ಜೋಲಿ ಹೊಡೆ’, ‘ತತ್ತರಿಸು’. ಕಾಲಿಗೆ ಬಲವಿದೆ, ನೋವೂ ಇಲ್ಲ. ಮೈ ನೆಟ್ಟಗೆ ನಿಲ್ಲುವುದಿಲ್ಲ. ‘ತೂರಾಡು’ ಎಂದ ಕೂಡಲೆ ನಮಗೆ ಗಡಂಗಿನ ವಾಸನೆ ಬರುತ್ತದೆ. ಕಿರುಮೆದುಳಿಗೆ ತೊಂದರೆಯಾದವರೂ, ಕಿವಿಯೊಳಗಿನ ತೊಂದರೆಯಿಂದ ತಲೆ ಸುತ್ತುವವರೂ ಕಾಲು ಅಗಲಿಸಿಕೊಂಡು ಹೀಗೆಯೇ ನಡೆಯುತ್ತಾರೆ. ಒಂದು ತೊಟ್ಟು ಕುಡಿಯದ ಮೇಷ್ಟ್ರೊಬ್ಬರು ಬಸ್ಸಿಳಿದು ಬರುವುದನ್ನು ಕಂಡು ಊರು ಆರು ತಿಂಗಳು ಪಿಸುಗುಟ್ಟಿದ್ದು ನನಗೆ ಗೊತ್ತಿದೆ. ಹಾಗಾಗಿ ವರದಿ ಬರೆಯುವವರು ಈ ಮಾತನ್ನು ಬಳಸುವಾಗ ಎರಡು ಸಲ ಯೋಚಿಸಬೇಕು, ‘ಓಲಾಡುತ್ತ’ ಎಂದರೆ ಆ ವಾಸನೆ ಇಲ್ಲ. ಡಾಕ್ಟರಿಗಾದರೆ ಯಾವ ಕಡೆ ವಾಲುತ್ತಾರೆ ಎಂಬುದನ್ನೂ ಸೇರಿಸಿ. ಕತ್ತಲೆಯಲ್ಲಿ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಹೆಚ್ಚಾಗುತ್ತದೆಯೇ ಎಂಬುದನ್ನೂ.

‘ಎಡವು’, ‘ಮುಗ್ಗರಿಸು’, ‘ತೊಡರು’, ‘ಜಾರು’ ಇವುಗಳಲ್ಲಿ ಕಾಲಿನ ಜೊತೆ ಇನ್ನೊಂದು ವಸ್ತು ಇರಲೇಬೇಕು. ಎಡವಲು ಕಲ್ಲೋ ಹೊಸ್ತಿಲೋ ಬೇಕು. ತೊಡರಲು ಬಳ್ಳಿ, ಸೀರೆಯ ನೆರಿಗೆ, ಚಾಪೆಯ ಅಂಚು. ಜಾರಲು ಹಾವಸೆ. ಮುಗ್ಗರಿಸುವುದು ಎಡವಿದ ಮೇಲಿನದ್ದು, ಮೈ ಮುಂದಕ್ಕೆ ಹೋಗುವುದು. ‘ನಡೆವರೆಡಹದೆ ಕುಳಿತವರೆಡಹುವರೇ’ ಎಂಬ ಗಾದೆ ಒಂದೆರಡು ಸಲ ಎಡವಿದವರಿಗೆ ಸಮಾಧಾನ. ದಿನಾ ಎಡವುವವರಿಗೆ, ಅದೂ ಏನೂ ಇಲ್ಲದ ಸಿಮೆಂಟು ನೆಲದಲ್ಲಿ ಎಡವುವವರಿಗೆ ಗಾದೆ ಹೇಳಬಾರದು, ಡಾಕ್ಟರಿಗೆ ಹೇಳಬೇಕು.

ನೆಲಕ್ಕೆ ಹತ್ತಿರದ ಮಾತುಗಳು ಬೇರೆ. ‘ಅಂಬೆಗಾಲು’ ಮಗುವಿನದ್ದು, ಅಂಗೈ ಮತ್ತು ಮೊಣಕಾಲು ಊರಿ ಬರುವುದು. ‘ತೆವಳು’ ಎಂದರೆ ಮೈ ನೆಲಕ್ಕೆ ತಾಗಿರಬೇಕು. ‘ದೇಕು’ ಎಂದರೆ ಕೂತಲ್ಲಿಂದಲೇ, ಕೈ ಊರಿ, ಸೊಂಟವನ್ನು ಮುಂದಕ್ಕೆ ಸರಿಸುವುದು. ಹೊಸ ಬರಹಗಾರರಿಗೆ ಈ ಕೊನೆಯ ಮಾತು ಮರೆತೇ ಹೋಗಿದೆ, ಎಲ್ಲದಕ್ಕೂ ‘ತೆವಳು’ ಹಾಕುತ್ತಾರೆ. ಬಿದ್ದ ಮೇಲೆ ಸೊಂಟದ ಎಲುಬು ಮುರಿದ ಅಜ್ಜಿ ತೆವಳಲಾರರು, ದೇಕಿಕೊಂಡಾದರೂ ಬಂದರೆ ಬಂದರು. ಹಾವು ತೆವಳುವುದೂ ಅಲ್ಲ, ಹರಿಯುವುದು. ಅದಕ್ಕೆ ಯಾವ ಕಷ್ಟವೂ ಇಲ್ಲ.

ಕಾಲು ಸರಿ ಇದ್ದು ಉಸಿರು ಸಾಲದಿದ್ದರೆ ‘ತೇಕುತ್ತ’, ‘ಏದುಸಿರು ಬಿಡುತ್ತ’, ‘ನಿಂತು ನಿಂತು’. ಇದು ಎದೆಗೂಡಿನ ವಿಷಯ. ಕಾಲಿನ ಡಾಕ್ಟರ ಹತ್ತಿರ ಹೋಗಿ ಸಮಯ ಕಳೆಯಬೇಡಿ.

ಹಳಗನ್ನಡದಲ್ಲಿ ‘ತಳರ್ನಡೆ’ ಎಂಬ ಚೆಂದದ ಮಾತಿದೆ, ಆಗಷ್ಟೇ ನಡೆಯಲು ಕಲಿತ ಮಗುವಿನ ಅಲುಗುವ ಹೆಜ್ಜೆ. ನಮಗದು ಕಾವ್ಯದಲ್ಲಿ ಉಳಿಯಿತು. ಅದರ ನೆಂಟ ಪದವೊಂದು ಇವತ್ತೂ ಕಾಸರಗೋಡಿನ ಆಸ್ಪತ್ರೆಗಳಲ್ಲಿ ದಿನಾ ಕೇಳುತ್ತದೆ, ಅದು ಮುಂದೆ ಬರುತ್ತದೆ.

ಮೂರನೆಯ ಹೆಜ್ಜೆ: ‘ಬಿದ್ದರು’ ಎಂಬುದರ ಹಿಂದೆ ಏನಿದೆ ಕೇಳಿ

‘ಬಿದ್ದರು’ ಎಂಬ ಒಂದೇ ಮಾತಿನಲ್ಲಿ ಸುದ್ದಿ ಇದೆ, ಕಾರಣ ಇಲ್ಲ. ಕಾರಣ ಇರುವುದು ಅದರ ಹಿಂದಿನ ಪದದಲ್ಲಿ. ಜಾರಿ ಬಿದ್ದರು, ಎಡವಿ ಬಿದ್ದರು, ತಲೆ ತಿರುಗಿ ಬಿದ್ದರು, ಕುಸಿದು ಬಿದ್ದರು. ಮೊದಲಿನ ಎರಡರಲ್ಲಿ ಎಲುಬು ನೋಡಬೇಕು, ಮನೆಯ ನೆಲವನ್ನೂ ನೋಡಬೇಕು. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವುದು ನಮ್ಮಲ್ಲಿ ಇದಕ್ಕೇ; ಇಂಟರ್‌ಲಾಕ್ ಹಾಕಿಸಿದ ಮೇಲೆ ಸೋಗೆ ಹಾಸಲು ಮರ್ಯಾದೆ ಬಿಡುವುದಿಲ್ಲ, ಹಾವಸೆ ಮಾತ್ರ ಮೊದಲಿನಂತೆಯೇ ಬರುತ್ತದೆ. ತಲೆ ತಿರುಗಿ ಬಿದ್ದರೆ ರಕ್ತದೊತ್ತಡ, ಸಕ್ಕರೆ, ಹೊಸದಾಗಿ ಶುರು ಮಾಡಿದ ಮಾತ್ರೆ ಇವುಗಳ ವಿಚಾರ. ಕುಸಿದು ಬಿದ್ದರೆ ಹೃದಯ, ಮೆದುಳು.

ಇದನ್ನು ಬಿದ್ದವರ ಬಾಯಿಂದಲೇ ಕೇಳಬೇಕು. ಆದರೆ ಕೇಳುವ ರೀತಿ ಇದೆ. “ಜಾರಿದಿರಾ?” ಎಂದು ಕೇಳಿದರೆ “ಹೌದು” ಎಂದೇ ಹೇಳುತ್ತಾರೆ. ಜಾರಿ ಬೀಳುವುದರಲ್ಲಿ ತಪ್ಪು ನೆಲದ್ದು, ಯಾರಿಗೂ ನಾಚಿಕೆಯಿಲ್ಲ. “ಬೀಳುವ ಮುಂಚೆ ಎಂತ ಮಾಡುತ್ತಿದ್ದಿರಿ? ನೆಲ ಮುಟ್ಟಿದ್ದು ನೆನಪಿದೆಯಾ?” ಎಂದು ಕೇಳಿ. ನೆಲ ಮುಟ್ಟಿದ್ದು ನೆನಪಿಲ್ಲವೆಂದರೆ ಅದು ಜಾರಿದ್ದಲ್ಲದಿರಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಪದ ಹುಡುಕುತ್ತಾ ಕೂರಬಾರದು. ನಿನ್ನೆ ರಾತ್ರಿ ಸರಿ ನಡೆದವರು ಇವತ್ತು ಬೆಳಿಗ್ಗೆ ಒಂದು ಕಾಲು ಎಳೆಯುತ್ತಿದ್ದರೆ, ಮುಖ ಒಂದು ಕಡೆ ಜಾರಿದ್ದರೆ, ಮಾತು ತೊದಲಿದರೆ, ಹೊರಡಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದದ್ದು. ಅದು ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಆಗ ಹೇಳಬೇಕಾದದ್ದು ಒಂದೇ: ಕೊನೆಯ ಸಲ ಸರಿಯಾಗಿದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ ಎಂದು. “ಬೆಳಿಗ್ಗೆಯಿಂದ” ಎಂದರೆ ಸಾಲದು. ರಾತ್ರಿ ಹತ್ತಕ್ಕೆ ಸರಿಯಾಗಿ ಮಲಗಿದವರು ಬೆಳಿಗ್ಗೆ ಆರಕ್ಕೆ ಹೀಗೆ ಎದ್ದರೆ ಲೆಕ್ಕ ರಾತ್ರಿ ಹತ್ತರಿಂದಲೇ.

ನಾಲ್ಕನೆಯ ಹೆಜ್ಜೆ: ಮಾತು ಗಡಿ ದಾಟುವಾಗ ಎಚ್ಚರ

ಮಂಗಳೂರಿಗೆ ಹೋದರೆ ಕನ್ನಡ, ತುಳು. ಕಾಸರಗೋಡಿಗೋ ಕಾಞಂಗಾಡಿಗೋ ಹೋದರೆ ಮಲಯಾಳ. ಮನೆಯೊಳಗೆ ನಮ್ಮದು ಹವ್ಯಕ ಕನ್ನಡ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಹೀಗೆಯೇ ನಡೆದು ಬಂದಿದೆ, ಅಭ್ಯಾಸವಾಗಿದೆ ಎಂದುಕೊಂಡಿರುತ್ತೇವೆ. ಆದರೆ ಕಾಯಿಲೆಯ ಮಾತು ಬಂದಾಗ ಅಭ್ಯಾಸ ಕೈಕೊಡುತ್ತದೆ.

ಮೊದಲಿಗೆ ‘ಮುಟ್ಟ್’. ಮಲಯಾಳದಲ್ಲಿ ಅದು ಮೊಣಕಾಲು. ಎಂಬತ್ತರ ಪ್ರಾಯದ ನಮ್ಮ ನೆರೆಮನೆಯ ಅಜ್ಜಿಯ ಹತ್ತಿರ ಚಿಕ್ಕ ಪ್ರಾಯದ ನರ್ಸ್ ಒಬ್ಬಳು ತುಂಬ ಪ್ರೀತಿಯಿಂದ “ಅಮ್ಮಮ್ಮೇ, ಮುಟ್ಟುವೇದನ ಉಂಡೋ?” ಎಂದು ಕೇಳಿದಳಂತೆ. ಅಜ್ಜಿ ಆಸ್ಪತ್ರೆಯಿಂದ ಹೊರಗೆ ಬಂದವರೇ, “ಈ ಪ್ರಾಯಲ್ಲಿ ಎನ್ನತ್ರೆ ಇದೆಂತ ಕೇಳುದು?” ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು.

‘ವಶಂ’ ಎಂದರೆ ಬದಿ, ಪಕ್ಕ. “ಒರು ವಶಂ ತಳರ್ನ್ನು” ಎಂದರೆ ಒಂದು ಪಾರ್ಶ್ವ ಬಲ ಕಳೆದುಕೊಂಡಿತು. ನಮ್ಮ ಕಿವಿಗೆ ಇದು ಯಾರೋ ಯಾರನ್ನೋ ವಶ ಮಾಡಿಕೊಂಡಂತೆ ಕೇಳುತ್ತದೆ. ಇಲ್ಲಿಯ ‘ತಳರ್’ ಆ ‘ತಳರ್ನಡೆ’ಯ ನೆಂಟ. ನಮ್ಮಲ್ಲಿ ಮಗುವಿನ ಹೆಜ್ಜೆಗೆ ಹೋದ ಪದ ಅವರಲ್ಲಿ ದಣಿವಿಗೂ ಪಾರ್ಶ್ವವಾಯುವಿಗೂ ಬಂತು. ‘ತಳರ್ವಾತಂ’ ಎಂದರೆ ಲಕ್ವ. ಚೀಟಿಯಲ್ಲಿ ಈ ಪದ ಕಂಡರೆ ‘ಸುಸ್ತು’ ಎಂದು ಅನುವಾದಿಸಿಬಿಡಬೇಡಿ. ಸುಸ್ತಿಗೂ ಲಕ್ವಕ್ಕೂ ಇರುವ ವ್ಯತ್ಯಾಸ ಹೇಳಬೇಕಾಗಿಲ್ಲವಲ್ಲ.

ಬೀಳುವ ನಾಲ್ಕು ಬಗೆಗೂ ಅಲ್ಲಿ ನಾಲ್ಕು ಮಾತಿದೆ. ತೆನ್ನಿ ವೀಣು, ಜಾರಿ ಬಿದ್ದದ್ದು. ತಟ್ಟಿ ವೀಣು, ಎಡವಿ ಬಿದ್ದದ್ದು, ಯಾರೂ ತಟ್ಟಿದ್ದಲ್ಲ. ತಲ ಕರಙ್ಙಿ ವೀಣು, ತಲೆ ತಿರುಗಿ. ಕುೞಞ್ಞು ವೀಣು, ಕುಸಿದು. ಕುಂಟುವುದಕ್ಕೆ ‘ಞೊಂಡುಕ’, ‘ಮುಡಂದುಕ’ ಎರಡೂ ಉಂಟು. ಓಲಾಡಿ ನಡೆಯುವುದಕ್ಕೆ ‘ವೇಚ್ಚು ವೇಚ್ಚು’. ದೇಕುವುದಕ್ಕೆ ‘ನಿರಙ್ಙುಕ’; ನಾವು ಮರೆತ ಮಾತಿಗೆ ಸಮನಾದದ್ದು ಅವರಲ್ಲಿ ಗಟ್ಟಿಯಾಗಿದೆ. ಏನೂ ನೆನಪಾಗದಿದ್ದರೆ ‘ನಡಕ್ಕಾನ್ ವಯ್ಯ’ ಎಂದರೆ ನಡೆಯಲಾಗುವುದಿಲ್ಲ ಎಂದು. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ನಾನು ‘ಕುಂಟುತ್ತಾರೆ’ಯಲ್ಲಿ ನಿಲ್ಲಿಸಿದ ಹಾಗಾದೀತು.

ತುಳುವಿನಲ್ಲಿ ‘ಕುಂಟು’ ಎಂದರೆ ಬಟ್ಟೆ. ಬಯಲುಸೀಮೆಯಿಂದ ಬಂದ ಮೇಷ್ಟ್ರು ಕ್ಲಾಸಿನಲ್ಲಿ “ಯಾಕೋ ಕುಂಟು?” ಎಂದು ಕೇಳಿದ್ದಕ್ಕೆ ಒಂದನೇ ತರಗತಿಯ ಹುಡುಗ ತನ್ನ ಅಂಗಿ ನೋಡಿಕೊಂಡನಂತೆ. ‘ಕಾರ್’ ಎಂದರೆ ಕಾಲು. ‘ಕಾರ್ ಬೇನೆ’, ‘ನಡಪರೆ ಆಪುಜ್ಜಿ’ ಇಷ್ಟು ಬಂದರೆ ಅಲ್ಲಿ ಕೆಲಸ ನಡೆಯುತ್ತದೆ. ಹವ್ಯಕರು “ನೆಡವಲೆ ಎಡಿತ್ತಿಲ್ಲೆ” ಅನ್ನುತ್ತೇವೆ. ಈ ‘ಎಡಿತ್ತಿಲ್ಲೆ’ ನೋವಿಗೂ, ಬಲವಿಲ್ಲದ್ದಕ್ಕೂ, ಮನಸ್ಸಿಲ್ಲದ್ದಕ್ಕೂ ಒಂದೇ. ಮದುವೆಗೆ ಹೋಗಲು ಮನಸ್ಸಿಲ್ಲದಿದ್ದರೂ ಎಡಿತ್ತಿಲ್ಲೆ, ಮಂಚದಿಂದ ಏಳಲಾಗದಿದ್ದರೂ ಎಡಿತ್ತಿಲ್ಲೆ. ಹಾಗಾಗಿ ಹಿರಿಯರು ಹಾಗೆಂದಾಗ ಬಿಡಿಸಿ ಕೇಳಬೇಕಾದದ್ದು ನಾವು.

ಬೇರೆ ಗಡಿಗಳಲ್ಲೂ ಕಥೆ ಹೀಗೆಯೇ. ಮಡಕಶಿರಾ, ರಾಯದುರ್ಗದ ಕಡೆ ‘ಕುಂಟು’ ತೆಲುಗಿನಲ್ಲೂ ಕುಂಟೇ, ಅಲ್ಲಿ ತೊಂದರೆಯಿಲ್ಲ. ತಾಳವಾಡಿ, ಹೊಸೂರಿನವರಿಗೆ ತಮಿಳಿನ ‘ನೊಂಡಿ’ ಗೊತ್ತು, ಒಂಟಿಕಾಲ ಆಟಕ್ಕೂ ಅದೇ ಹೆಸರು. ಜತ್ತ, ಅಕ್ಕಲಕೋಟೆ ಕಡೆಯ ಮಕ್ಕಳು ಮರಾಠಿಯಲ್ಲಿ ‘ಲಂಗಡಿ’ ಆಡುತ್ತಾರೆ. ತಮಾಷೆಯೆಂದ್ರೆ ನಾವು ಕುಂಟುನೆಪ ಅನ್ನುವುದನ್ನು ತೆಲುಗರು ‘ಕುಂಟಿ ಸಾಕು’, ಮರಾಠಿಯವರು ‘ಲಂಗಡೀ ಸಬಬ್’ ಅನ್ನುತ್ತಾರೆ. ಪಾಪದ ಕಾಲಿನ ಮೇಲೆ ನೆಪದ ಭಾರ ಹೊರಿಸುವುದರಲ್ಲಿ ಎಲ್ಲರೂ ಒಂದೇ.

ಐದನೆಯ ಹೆಜ್ಜೆ: ಕ್ರಿಯೆಗೆ ಹೆಸರಿಡಿ, ಮನುಷ್ಯರಿಗಲ್ಲ

‘ಕುಂಟುತ್ತಾರೆ’ ಎಂಬುದು ವಿವರ. ‘ಕುಂಟ’ ಎಂಬುದು ಬೈಗುಳ. ‘ಹೆಳವ’ವೂ ಹಾಗೆಯೇ, ವಚನಗಳಲ್ಲಿ ಬರುತ್ತದೆಂದು ಇವತ್ತು ಯಾರನ್ನೂ ಹಾಗೆ ಕರೆಯುವಂತಿಲ್ಲ. ಕ್ರಿಯಾಪದವನ್ನು ನಾಮಪದ ಮಾಡಿದ ಕೂಡಲೆ ಅದು ಮನುಷ್ಯನ ಹೆಸರಿಗೇ ಅಂಟಿಕೊಳ್ಳುತ್ತದೆ, ಕಾಲು ವಾಸಿಯಾದರೂ ಹೋಗುವುದಿಲ್ಲ. ನಮ್ಮೂರಿನಲ್ಲಿ ಬಾಲ್ಯದಲ್ಲಿ ಒಂದು ವರ್ಷ ಕುಂಟಿದ್ದಕ್ಕೆ ಸಾಯುವವರೆಗೂ ಆ ಹೆಸರು ಹೊತ್ತವರಿದ್ದರು.

ಅರ್ಜಿ ಬರೆಯುವವರಿಗೆ ಎರಡು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಚಲನೆಯ ವೈಕಲ್ಯ ಅದರಲ್ಲಿ ಒಂದು. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ಎಂದು ಪ್ರಮಾಣಪತ್ರ ಬೇಕು. ಕರ್ನಾಟಕದ ಕಾಗದಗಳಲ್ಲಿ ‘ವಿಕಲಚೇತನ’, ‘ವಿಶೇಷಚೇತನ’ ಎಂದಿರುತ್ತದೆ. ಕೇರಳದಲ್ಲಿ ‘ಭಿನ್ನಶೇಷಿ’. ಇದನ್ನು ಹಾಗೆಯೇ ಕನ್ನಡ ಲಿಪಿಗೆ ಇಳಿಸಿದರೆ ‘ಶೇಷ’ ನಮಗೆ ಉಳಿಕೆಯಾಗಿ ಕಾಣುತ್ತದೆ, ಒಡೆದು ಮಿಕ್ಕ ಚೂರಿನಂತೆ. ಮಲಯಾಳದ ‘ಶೇಷಿ’ ಎಂದರೆ ಸಾಮರ್ಥ್ಯ. ‘ಭಿನ್ನ ಸಾಮರ್ಥ್ಯದವರು’ ಎಂದು ಬರೆಯಿರಿ.

ಎಣ್ಮಕಜೆ, ಪಡ್ರೆಯ ಕಡೆಗೆ ಕ್ಯಾಮರಾ ಹಿಡಿದು ಬಂದವರು ಇದನ್ನು ಹೆಚ್ಚು ನೆನಪಿಡಬೇಕಿತ್ತು. ಗೇರು ತೋಟಗಳಿಗೆ ಎರಡು ದಶಕಕ್ಕಿಂತ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳು ಅವು. ಸುಪ್ರೀಂ ಕೋರ್ಟು ದೇಶದಲ್ಲಿ ಅದಕ್ಕೆ ತಡೆ ಹಾಕಿದ್ದು 2011ರಲ್ಲಿ. ಅಲ್ಲಿಯ ವೈಕಲ್ಯವಿರುವ ಮಕ್ಕಳ ಬಗ್ಗೆ ಬಂದ ಎಷ್ಟೋ ಬರಹಗಳಲ್ಲಿ ‘ತೆವಳುವ ಮಗು’ ಎಂಬುದು ಹೆಸರಿನ ಜಾಗದಲ್ಲಿ ಕೂತಿತು. ಮಗು ಹೇಗೆ ಚಲಿಸುತ್ತದೆ ಎಂದು ಒಂದು ಸಾಲು ಬರೆಯಿರಿ, ಬೇಕಾದದ್ದೇ. ಎರಡನೆಯ ಸಾಲಿಗೆ ಅದಕ್ಕೆ ಒಂದು ಇಷ್ಟದ ತಿಂಡಿಯಾದರೂ ಇರಲಿ.

ಆರನೆಯ ಹೆಜ್ಜೆ: ಕಥೆ ಬರೆಯುವವರು ದಾರಿಯನ್ನೂ ನೋಡಿ

ಕಷ್ಟ ಯಾವಾಗಲೂ ಕಾಲಿನದ್ದೇ ಆಗಬೇಕಿಲ್ಲ. ನಮ್ಮ ಗುಡ್ಡೆಗಳಲ್ಲಿ ನೀರಿಗಾಗಿ ಮುರಕಲ್ಲು ಕೊರೆದು ಮಾಡಿದ ಸುರಂಗಗಳಿವೆಯಲ್ಲ, ಒಬ್ಬ ಆಳು ಹೋಗುವಷ್ಟೇ ಅಗಲ. ಅದರೊಳಗೆ ಗಟ್ಟಿಮುಟ್ಟಾದ ಆಳೂ ಬೆನ್ನು ಬಗ್ಗಿಸಿ, ಭುಜ ಓರೆ ಮಾಡಿ ‘ನುಸುಳಬೇಕು’. ಮೊಣಕಾಲಿನವರೆಗೆ ನೀರು ನಿಂತಿದ್ದರೆ ಕಾಲನ್ನು ‘ಕಿತ್ತು ಕಿತ್ತು’ ಇಡಬೇಕು. ಅಡಿಕೆಮರದ ಸಂಕ ದಾಟುವಾಗ ಬೇರೆಯೇ ನಡಿಗೆ, ಒಂದರ ಮುಂದೆ ಒಂದು, ಕಣ್ಣು ಆಚೆ ದಡದಲ್ಲಿ. ಮಳೆಗಾಲದ ಬೈಲಿನ ಕೆಸರಿನಲ್ಲಿ ಕಾಲು ‘ಹೂತು’ ಹೋಗುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಇಲ್ಲಿ ‘ಕುಂಟುತ್ತ’, ‘ತೂರಾಡುತ್ತ’ ಎಂದು ಬರೆದರೆ ಓದುವವನು ಕಾಲಿಗೆ ಏನಾಯಿತೆಂದು ಹುಡುಕತೊಡಗುತ್ತಾನೆ.

‘ಕಷ್ಟಪಟ್ಟು ನಡೆದನು’ ಎಂದು ಬರೆದಿದ್ದರೆ ಅಡ್ಡಗೆರೆ ಹಾಕಿ. ಆ ‘ಕಷ್ಟಪಟ್ಟು’ ಏನನ್ನೂ ತೋರಿಸುವುದಿಲ್ಲ. ‘ಮೂರು ಮೆಟ್ಟಿಲಿಗೊಮ್ಮೆ ನಿಂತು, ಗೋಡೆಗೆ ಅಂಗೈ ಊರಿ, ನೋವಿನ ಕಾಲನ್ನು ಮೊದಲು ಇಳಿಸಿದ’ ಎಂದರೆ ಆಯಿತು. ನೋವಿನ ಕಾಲು ಮೊದಲು ಇಳಿಯುವುದು ಸುಮ್ಮನೆ ಹೇಳಿದ್ದಲ್ಲ, ಹತ್ತುವಾಗ ಒಳ್ಳೆಯ ಕಾಲು, ಇಳಿಯುವಾಗ ನೋವಿನ ಕಾಲು ಮುಂದೆ. ಊರುಗೋಲು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು, ಇದನ್ನು ತಪ್ಪಾಗಿ ಬರೆದ ಕಥೆಗಳೂ ಇವೆ, ತಪ್ಪಾಗಿ ಹಿಡಿದ ಅಜ್ಜಂದಿರೂ ಇದ್ದಾರೆ.

ರೂಪಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೇತುವೆ ಕಾಮಗಾರಿ ‘ಕುಂಟುತ್ತ’ ಸಾಗಿ, ಯೋಜನೆ ‘ತೆವಳಿ’, ಸರಕಾರ ‘ಮುಗ್ಗರಿಸಿ’ ಪತ್ರಿಕೆಗಳಲ್ಲಿ ಈ ಮಾತುಗಳ ಚರ್ಮ ಸವೆದು ಹೋಗಿದೆ. ಇವನ್ನು ಸ್ವಲ್ಪ ದಿನ ಕಾಲುಗಳಿಗೇ ಬಿಟ್ಟುಕೊಟ್ಟರೆ ಒಳ್ಳೆಯದು.

ಕೊನೆಯ ಹೆಜ್ಜೆ: ಚೀಟಿ ಬರೆದುಕೊಂಡು ಹೋಗಿ

ನಾಲ್ಕು ನಿಮಿಷದಲ್ಲಿ ಎಲ್ಲ ಮಾತೂ ಬಾಯಿಗೆ ಬರುವುದಿಲ್ಲ. ಮೂರನೆಯ ಸಲ ಹೋಗುವಾಗ ನಾನು ಹಿಂದಿನ ರಾತ್ರಿಯೇ ಜಗಲಿಯಲ್ಲಿ ಕೂತು ಚೀಟಿ ಬರೆದೆ. ಐದು ಸಾಲು: ಎಂದಿನಿಂದ, ಯಾವ ಕಾಲು, ಕಂಡದ್ದು ಏನು, ಎಷ್ಟು ಸಲ ಮತ್ತು ಹೇಗೆ ಬಿದ್ದರು, ಯಾವ ಮಾತ್ರೆ ಯಾವ ಹೊತ್ತಿಗೆ. ‘ಎರಡೂ ಪಾದ ಉಜ್ಜಿಕೊಂಡು ನಡೆಯುತ್ತಾರೆ. ಬಲಗೈ ಬೀಸುವುದಿಲ್ಲ. ತಿರುಗಲು ಏಳೆಂಟು ಹೆಜ್ಜೆ. ಹೊಸ್ತಿಲಲ್ಲಿ ಕಾಲು ಅಂಟುತ್ತದೆ. ಮಾತ್ರೆ ತೆಗೆದುಕೊಂಡು ಒಂದು ಗಂಟೆಗೆ ಸಡಿಲವಾಗುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಬಿಗಿ.’ ಕ್ರಿಯಾಪದಗಳನ್ನು ಎರಡೆರಡು ಸಲ ನೋಡಿ ಹಾಕಿದ್ದೆ.

ಅತ್ತೆಗೆ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ತಾವೇ ಇನ್ನೊಮ್ಮೆ ಓದಿದರು.

“ಒಂದು ಬಿಟ್ಟಿದೆ ಮಾಣಿ” ಅಂದರು. “ಮೆಟ್ಲು ಹತ್ತುಲೆ ಎನಗೆಂತ ಕಷ್ಟ ಇಲ್ಲೆ. ಸಮ ನೆಲಲ್ಲಿಯೇ ಕಾಲು ಅಂಟುದು. ಅದರನ್ನೂ ಬರೆ.”

ಮೆಟ್ಟಿಲು ಸುಲಭ, ಸಮತಟ್ಟು ಕಷ್ಟ ಎಂದರೆ ಯಾರು ನಂಬುತ್ತಾರೆ? ಪ್ರಾಯದ ಮಾತು ಎಂದುಕೊಂಡು ಚೀಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ. ಡಾಕ್ಟರು ಮೇಲಿನ ಐದು ಸಾಲುಗಳ ಮೇಲೆ ಕಣ್ಣು ಹಾಯಿಸಿ, ಕೊನೆಯದರಲ್ಲಿ ನಿಂತರು. ಈ ಕಾಯಿಲೆಯಲ್ಲಿ ಹಾಗೆ ಆಗುವುದುಂಟು, ಕಣ್ಣಿಗೆ ಮೆಟ್ಟಿಲೋ ಗೆರೆಯೋ ಕಂಡರೆ ಅಂಟಿದ ಕಾಲು ಏಳುತ್ತದೆ, ಹೊಸ್ತಿಲ ಹತ್ತಿರ ನೆಲಕ್ಕೆ ಬಣ್ಣದ ಟೇಪಿನಲ್ಲಿ ಒಂದೊಂದು ಹೆಜ್ಜೆಗೆ ಒಂದೊಂದು ಅಡ್ಡಗೆರೆ ಅಂಟಿಸಿ ನೋಡಿ ಎಂದರು. “ಇದನ್ನು ಯಾರು ಗಮನಿಸಿದ್ದು?”

ಅತ್ತೆ ನನ್ನ ಮುಖ ನೋಡಿದರು. ದೇವರ ಕೋಣೆಯ ಮುಂದೆ ಈಗ ಹಳದಿ ಟೇಪಿನ ಏಳು ಗೆರೆಗಳಿವೆ.